ಎಣಿಸಿದ್ದು ನಾನು, ತಲೆ ತಿರುಗಿದ್ದು ಅವರಿಗೆ

ಜೂನ್ 21ರ ಯೋಗ ದಿನ ಹತ್ತಿರ ಬಂದರೆ ನಮ್ಮ ಫೋನಿಗೆ ಪುರುಸೊತ್ತಿರಲ್ಲ. ಉಳಿದ ತಿಂಗಳೆಲ್ಲ ಬಿಲ್ ಪಾಸ್ ಮಾಡೋಕೆ ಸತಾಯಿಸುವ ಕಂಪನಿಗಳಿಗೂ ಆಗ ಒಬ್ಬ ಯೋಗ ಟೀಚರ್ ಬೇಕು. ಹಾಗೆ ಬೆಂಗಳೂರಿನ ಒಂದು ಆಫೀಸಲ್ಲಿ ನಾಲ್ಕು ವಾರದ ಬ್ಯಾಚ್ ಸಿಕ್ಕಿತ್ತು. ಎರಡನೇ ಕ್ಲಾಸಿಗೇ ಎಚ್ಆರ್ ಹುಡುಗಿ, "ಮೇಡಂ, ಬರೀ ಉಸಿರು ತಗೊಳ್ಳಿ, ಬಿಡಿ ಅಂದ್ರೆ ಜನ ಎದ್ದು ಹೋಗ್ತಾರೆ. ಏನಾದ್ರೂ ಅಡ್ವಾನ್ಸ್ಡ್ ಮಾಡ್ಸಿ" ಅಂದಳು. ಆರೋಗ್ಯದ ಫಾರ್ಮ್ ತುಂಬಿಸೋಣ ಅಂದರೆ, "ಅದೆಲ್ಲ ಕಾನ್ಫಿಡೆನ್ಷಿಯಲ್ ಮೇಡಂ." ಆಗಲೇ ಬ್ಯಾಗ್ ಎತ್ಕೊಂಡು ಬರಬೇಕಿತ್ತು. ಮನೆ ಬಾಡಿಗೆ ನೆನಪಾಯ್ತು, ಸುಮ್ಮನಾದೆ.

ಒಂದು ಹೊಳ್ಳೆ ಮುಚ್ಚಿ ಇನ್ನೊಂದರಲ್ಲಿ ಉಸಿರಾಡುವ ನಾಡಿಶೋಧನಕ್ಕೆ ಕುಂಭಕ, ಅಂದರೆ ಉಸಿರು ಹಿಡಿಯೋದನ್ನ, ಸೇರಿಸಿದೆ. 1:4:2. ಅಂದರೆ 4 ಎಣಿಸುವಷ್ಟು ಪೂರಕ (ಉಸಿರು ಎಳೆಯೋದು), 16 ಕುಂಭಕ, 8 ರೇಚಕ (ಉಸಿರು ಬಿಡೋದು). ಆಯುಷ್ ಸಚಿವಾಲಯದ ಯೋಗ ದಿನದ ಪ್ರೋಟೋಕಾಲಲ್ಲಿ ನಾಡಿಶೋಧನ ಇದೆ, ಕುಂಭಕ ಇಲ್ಲ. ಸಿಂಹ, ಆನೆ, ಹುಲಿ ಪಳಗಿಸಿದ ಹಾಗೆ ಉಸಿರನ್ನು ಮೆಲ್ಲಮೆಲ್ಲಗೆ ಪಳಗಿಸು, ಇಲ್ಲದಿದ್ದರೆ ಸಾಧಕನನ್ನೇ ಕೊಲ್ಲುತ್ತೆ ಅಂತ ಹಠಯೋಗ ಪ್ರದೀಪಿಕೆ ಅನ್ನೋ ಹಳೇ ಯೋಗಗ್ರಂಥದ 2ನೇ ಅಧ್ಯಾಯ ಹೇಳುತ್ತೆ. ಪರೀಕ್ಷೆಗೆ ಆ ಶ್ಲೋಕ ಉರು ಹೊಡೆದವಳು ನಾನೇ.

ಮೈಕಲ್ಲಿ ಎಣಿಸ್ತಾ ಹೋದೆ. ಮೂರನೇ ಸಾಲಲ್ಲಿ ಅಕೌಂಟ್ಸ್‌ನವರೊಬ್ಬರು, ಐವತ್ತು ದಾಟಿದವರು. ಎಡಮೂಗಲ್ಲಿ ಸೊರ್ ಅಂತ ಸದ್ದು. ಎಸಿ ಗಾಳಿಗೆ ಮೂಗು ಕಟ್ಟಿದೆ ಅಂತ ಹೊಳೆಯಲಿಲ್ಲ. ಶ್ರದ್ಧೆಯಿಂದ ಎಳೀತಿದಾರೆ ಅಂದುಕೊಂಡೆ. ಹೆಬ್ಬೆರಳಿನ ಉಗುರು ಬೆಳ್ಳಗಾಗುವಷ್ಟು ಮೂಗು ಒತ್ತಿದ್ದರು. ಕಿವಿ ಕೆಂಪು. ಅಲುಗಾಟವಿಲ್ಲ. "ನೋಡಿ, ಸಾರ್ ಹೇಗೆ ಕೂತಿದಾರೆ!" ಅಂದೆ, ಮೈಕಲ್ಲೇ. ಹಾಗಂದ ಮೇಲೆ ಪಾಪ, ಅವರು ಬಿಡೋದುಂಟೇ? ಹನ್ನೆರಡಕ್ಕೆ ಮೊಣಕೈ ನಡುಗಿತು. ನೋಡಿದೆ. ನೋಡಿಯೂ ಹದಿಮೂರು, ಹದಿನಾಲ್ಕು ಅಂದೆ. ಹದಿನೈದಕ್ಕೆ ಬಾಯಲ್ಲಿ ಉಸಿರು ಬಿಟ್ಟು ಪಕ್ಕದವರ ಮ್ಯಾಟ್ ಮೇಲೆ ವಾಲಿದರು.

ಮಲಗಿಸಿ, ಕಾಲನ್ನ ಕುರ್ಚಿ ಮೇಲೆ ಇಟ್ಟೆ. ಹಣೆ ತಣ್ಣಗೆ, ಒದ್ದೆ. ಫಸ್ಟ್ ಏಡ್ ಬಾಕ್ಸಿಗೆ ಬೀಗ, ಬೀಗದ ಕೈ ಇದ್ದವರು ತಿಂಡಿಗೆ ಹೋಗಿದ್ದರು. ಎರಡು ನಿಮಿಷ ಆಗಿರಬಹುದು, ಅಷ್ಟರಲ್ಲಿ ನನಗೆ ಗಂಟಲು ಒಣಗಿತ್ತು. ಕಣ್ಣು ಬಿಟ್ಟು ಅವರೇ ಹೇಳಿದರು: "ಬಿಪಿ ಇದೆ ಮೇಡಂ. ಎಲ್ಲರೆದುರು ಹೇಳೋಕೆ ಸಂಕೋಚ ಆಯ್ತು." ಪುಣ್ಯಕ್ಕೆ, ಡಾಕ್ಟರ್ ನೋಡಿ ಮನೆಗೆ ಕಳಿಸಿದರು. ಫೀಡ್‌ಬ್ಯಾಕಲ್ಲಿ ಯಾರೋ ಬರೆದಿದ್ದರು: "ಇನ್ನೂ ಅಡ್ವಾನ್ಸ್ಡ್ ಬೇಕಿತ್ತು."

ಈಗ ಕ್ಲಾಸಿಗೆ ಮೊದಲು ಒಬ್ಬೊಬ್ಬರ ಹತ್ತಿರ ಹೋಗಿ ಮೆಲ್ಲಗೆ ಕೇಳ್ತೀನಿ. ಬಿಪಿ, ಹೃದಯದ ತೊಂದರೆ, ಬಸುರಿಯರು ಇದ್ದರೆ ಕುಂಭಕದ ಮಾತೇ ಇಲ್ಲ. ಹೊಸ ಬ್ಯಾಚಿಗಂತೂ ಯಾರಿಗೂ ಇಲ್ಲ. ಮೂಗು ಕಟ್ಟಿದವರು ಬೆರಳೇ ಇಡೋದು ಬೇಡ, ಸುಮ್ಮನೆ ಕೂತು ಉಸಿರಾಡಲಿ. ಬೆರಳು ತಾಗಿದರೆ ಸಾಕು, ಒತ್ತಬಾರದು. ರೇಚಕ ಮುಗಿದ ಮೇಲೆ ಗಬಕ್ಕನೆ ಗಾಳಿ ಎಳೆಯುವ ಹಾಗಾದರೆ ಅಳತೆ ಜಾಸ್ತಿಯಾಯ್ತು ಅಂತಲೇ ಲೆಕ್ಕ.

ಮುಂದಿನ ವಾರ ಅವರು ಬಂದರು. ಕೊನೇ ಸಾಲು, ಬಾಗಿಲ ಪಕ್ಕ ಕುರ್ಚಿ.

"ಮೇಡಂ, ಇವತ್ತೂ ಎಣಿಸ್ತೀರಾ?"

"ಇಲ್ಲ ಸಾರ್" ಅಂದೆ. ಮೈಕ್ ಆಗಲೇ ವಾಪಸ್ ಕೊಟ್ಟಾಗಿತ್ತು.