ತೂಕ ಬರೆಯುವವಳ ಮುಂದೆ ಒಂದು ಹಾಳೆ

ಬೇರೆಯವರ ಬಗ್ಗೆ ಬರೆಯುವುದೇ ನನ್ನ ಕೆಲಸ. ಟಿ. ನರಸೀಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಅಂಗನವಾಡಿ ನಡೆಸುತ್ತೇನೆ. ಯಾವ ಮನೆಯಲ್ಲಿ ಯಾರು ಬಸುರಿ, ಯಾವ ಮಗುವಿನ ತೂಕ ಎಷ್ಟು, ಯಾರಿಗೆ ಯಾವ ಚುಚ್ಚುಮದ್ದು ಬಾಕಿ, ಎಲ್ಲವೂ ನನ್ನ ಕೈಬರಹದಲ್ಲಿದೆ. 2021ರಲ್ಲಿ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದ ಮೇಲೆ ಮೊಬೈಲಿನಲ್ಲೂ ಇದೆ. ರಾಜ್ಯದಲ್ಲಿ ಅಂಗನವಾಡಿ ಯೋಜನೆ 1975ರ ಅಕ್ಟೋಬರ್ 2ರಂದು ಮೊದಲು ಶುರುವಾದದ್ದು ನಮ್ಮ ತಾಲ್ಲೂಕಿನಲ್ಲೇ. ಆ ಹೆಮ್ಮೆ ನಮ್ಮೆಲ್ಲರಿಗೂ ಇದೆ. ಗೌರವಧನದ ಮಾತು ಬಂದಾಗ ಅದು ಕೊಂಚ ಇಳಿಯುತ್ತದೆ, ಆ ವಿಷಯ ಬೇರೆ.

ಹೀಗೆ ಊರಿನ ಲೆಕ್ಕವನ್ನೆಲ್ಲ ಬರೆಯುವವಳಿಗೆ ಕಳೆದ ಭಾನುವಾರ ಮೈಸೂರಿನಲ್ಲಿ ಮುಕ್ತ ವಿಶ್ವವಿದ್ಯಾನಿಲಯದ ಆವರಣವಾದ ಮುಕ್ತಗಂಗೋತ್ರಿಯಲ್ಲಿ ನಡೆದ ಸಂಪರ್ಕ ತರಗತಿಯಲ್ಲಿ ಒಂದು ಹಾಳೆ ಕೊಟ್ಟರು. ಅದರಲ್ಲಿ ಮೂರೇ ತಲೆಬರಹ: ನನ್ನ ಸಾಮರ್ಥ್ಯ, ನನ್ನ ಗುರಿ, ನನ್ನ ಸಾಧನೆ. ಒಂದೊಂದರ ಕೆಳಗೂ ನಾಲ್ಕು ಗೆರೆ. ಅರ್ಧ ಗಂಟೆ ಸಮಯ.

ನಾನು ಬಿ.ಎ. ಓದುತ್ತಿರುವುದು ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದಲ್ಲಿ. ಪಿಯುಸಿ ಆದ ಬೇಸಿಗೆಯಲ್ಲೇ ಮದುವೆಯಾಯಿತು, ಓದು ಅಲ್ಲಿಗೆ ನಿಂತಿತು. ಮಗಳು ಡಿಗ್ರಿಗೆ ಸೇರಿದ ವರ್ಷ ಅವಳ ಅರ್ಜಿಯ ಜೊತೆ ನನ್ನದನ್ನೂ ತುಂಬಿದೆ. 'ಈ ವಯಸ್ಸಲ್ಲಿ ಓದಿ ಏನ್ ಮಾಡ್ತೀಯಾ' ಎಂದು ಕೇಳದವರೇ ಇಲ್ಲ. ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚಂತೂ ಇಲ್ಲ. ಕಂಡಕ್ಟರ್ ಕೊಡುವ ಸೊನ್ನೆ ಟಿಕೆಟ್ಟನ್ನು ಸಿದ್ಧಪಾಠದ ಪುಟಕ್ಕೆ ಗುರುತಿಟ್ಟುಕೊಂಡು, ವರುಣ ದಾಟುವವರೆಗೂ ಓದುತ್ತೇನೆ. ಆಮೇಲೆ ನಿದ್ದೆ.

ನಮ್ಮ ತರಗತಿಯಲ್ಲಿ ಹೋಂಗಾರ್ಡ್ ಇದ್ದಾರೆ, ನರ್ಸ್ ಇದ್ದಾರೆ, ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುವ ಹುಡುಗಿಯರಿದ್ದಾರೆ. ಹಾಳೆ ಕೈಗೆ ಬಂದದ್ದೇ ಪಕ್ಕದ ಹುಡುಗಿ ಸರಸರನೆ 'ಕೆಎಎಸ್ ಅಧಿಕಾರಿಯಾಗುವುದು' ಎಂದು ಬರೆದು ಪೆನ್ನಿನ ಮುಚ್ಚಳ ಹಾಕಿದಳು. ನನ್ನ ಹಾಳೆಯ ಕಡೆ ಬಗ್ಗಿ ನೋಡಿ, "ಸಾಮರ್ಥ್ಯಕ್ಕೆ ಲೀಡರ್‌ಶಿಪ್ ಅಂತ ಹಾಕಿ ಆಂಟಿ, ಎಲ್ರೂ ಅದೇ ಹಾಕೋದು" ಅಂದಳು. ಹಾಕಲಿಲ್ಲ. ಅಂಥ ಮಾತು ನಮ್ಮ ತರಬೇತಿಗಳ ಗೋಡೆ ಮೇಲೆ ಬೇಕಾದಷ್ಟಿದೆ.

ಆಗ ನೆನಪಾದದ್ದು ಒಂದು ಮಗು. ಹೆಸರು ಬೇಡ. ಅಳೆಯುವ ಪಟ್ಟಿಯನ್ನು ಅದರ ತೋಳಿಗೆ ಸುತ್ತಿದೆ, ಕಿಂಡಿಯಲ್ಲಿ ಕೆಂಪು ಕಂಡಿತು. 11.5 ಸೆಂಟಿಮೀಟರಿಗಿಂತ ಕಡಿಮೆ ಎಂದರೆ ತೀವ್ರ ಅಪೌಷ್ಟಿಕತೆ. ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ತಾಯಿ ಮಗು ಇಬ್ಬರೂ 14 ದಿನ ಇರಬೇಕು. ಹಾಗೆಂದು ಹೇಳಿದ್ದೇ ಅಜ್ಜಿ ಕೈಯಾಡಿಸಿಬಿಟ್ಟರು. "ನಾಟಿ ಟೈಮಲ್ಲಿ ಆಸ್ಪತ್ರೇಲಿ ಕೂರಕ್ಕಾಯ್ತದಾ ಟೀಚರಮ್ಮ? ಮಗಿಗೆ ದೃಷ್ಟಿಯಾಗದೆ, ತೆಗ್ಸುದ್ರೆ ಸರೋಯ್ತದೆ." ನಾನು ಅಪೌಷ್ಟಿಕತೆಯ ಪಾಠ ಹೇಳಲಿಲ್ಲ. ಆ ಮನೆಯ ಹಸು ಕರು ಹಾಕಿ ವಾರವಾಗಿತ್ತು, ಸೊಸೆ ಹೋದರೆ ಹಾಲು ಕರೆಯುವವರಿಲ್ಲ. ಗಂಟು ಇದ್ದದ್ದು ಅಲ್ಲಿ. ಹಿತ್ತಲ ಮನೆಯ ಓರಗಿತ್ತಿಯ ಜೊತೆ ಮಾತಾಡಿದೆ. ಎರಡೂ ಮನೆಯವರು ಬೇಲಿ ವಿಷಯಕ್ಕೆ ಮಾತು ಬಿಟ್ಟಿದ್ದರು, ಹಾಗಾಗಿ ಕೇಳುವ ಕೆಲಸ ನನ್ನದೇ ಆಯಿತು. ಆಕೆ ಹಾಲು ಕರೆಯಲು ಒಪ್ಪಿದರು. ಆಸ್ಪತ್ರೆಯಲ್ಲಿದ್ದಷ್ಟು ದಿನ ತಾಯಿಗೆ ಕೂಲಿ ನಷ್ಟದ ಹಣ ಸಿಗುತ್ತದೆ ಎಂಬುದನ್ನು ಮಾವನ ಕಿವಿಗೆ ಹಾಕಿದೆ. ದೃಷ್ಟಿಯನ್ನೂ ತೆಗೆಸಲಿ ಎಂದೆ. ಮರುದಿನ ಬೆಳಗ್ಗೆ ಆಟೋದಲ್ಲಿ ಮೂವರೂ ಹೊರಟೆವು.

ಇದನ್ನು 'ಸಾಮರ್ಥ್ಯ' ಎಂದು ಬರೆಯಬಹುದೇ? ನಮ್ಮ ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇಲ್ಲ. ಅಲ್ಲಿ ಇರುವುದು ದಾಖಲಾದ ದಿನಾಂಕ, ಬಿಡುಗಡೆಯಾದ ದಿನಾಂಕ, ತೂಕ. ಹಸುವಿನ ಪ್ರಸ್ತಾಪ ಎಲ್ಲೂ ಇಲ್ಲ.

ಹಾಳೆ ಕೊಟ್ಟ ದಿನವೇ ಬೆಳಗ್ಗೆ ಸಮಾಜಶಾಸ್ತ್ರದ ಮೇಡಂ ಎಂ.ಎನ್. ಶ್ರೀನಿವಾಸರ ಬಗ್ಗೆ ಹೇಳಿದ್ದರು. ಅವರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದು ಅಧ್ಯಯನ ಮಾಡಿದರು, ಬರವಣಿಗೆಯಲ್ಲಿ ಅದನ್ನು ರಾಂಪುರ ಎಂದು ಕರೆದರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಬೆಂಕಿ ಬಿದ್ದು ಅವರು ವರ್ಷಗಟ್ಟಲೆ ಸಿದ್ಧಪಡಿಸಿದ್ದ ಟಿಪ್ಪಣಿಗಳು ಸುಟ್ಟುಹೋದವು. ಆಮೇಲೆ ಆ ಹಳ್ಳಿಯ ಬಗ್ಗೆ ಹೆಚ್ಚುಕಡಿಮೆ ನೆನಪಿನಿಂದಲೇ ಪುಸ್ತಕ ಬರೆದರು. ತರಗತಿಯಲ್ಲಿ ಎಲ್ಲರೂ 'ಅಬ್ಬಾ' ಅಂದರು. ನನಗೆ ಅಷ್ಟು ಆಶ್ಚರ್ಯವಾಗಲಿಲ್ಲ. ನನ್ನ ಮೊಬೈಲ್ ಕೆಟ್ಟು, ಬೀರುವಿಗೆ ಗೆದ್ದಲು ಹಿಡಿದರೂ ನಮ್ಮ ಬೀದಿಯ ಯಾವ ಮಗು ಯಾವ ತಿಂಗಳಲ್ಲಿ ಸೊರಗಿತು ಎಂದು ನಾನೂ ಹೇಳಬಲ್ಲೆ. ದೊಡ್ಡವರ ಪಕ್ಕ ನಿಂತುಕೊಳ್ಳಲು ಇದನ್ನು ಹೇಳುತ್ತಿಲ್ಲ, ಇಲ್ಲಿ ಇದ್ದು ನೋಡಿದವರಿಗೆ ಅಷ್ಟು ನೆನಪಿರುತ್ತದೆ, ಅಷ್ಟೆ.

ಕೊನೆಗೆ ಸಾಮರ್ಥ್ಯದ ಕೆಳಗೆ ಬರೆದೆ: 'ಒಂದು ಮನೆ ಯಾಕೆ ಬೇಡ ಅನ್ನುತ್ತಿದೆ ಎಂದು ನನಗೆ ಗೊತ್ತಾಗುತ್ತದೆ.' ಸಾಧನೆಯ ಕೆಳಗೆ ಆ ಮಗುವಿನ ಎರಡು ತೂಕ ಬರೆದೆ, ಹೋದಾಗಿನದು ಮತ್ತು ಬಂದಾಗಿನದು. ಸೆಮಿಸ್ಟರ್ ಪಾಸಾದದ್ದನ್ನೂ ಸೇರಿಸಿದೆ. ಅದನ್ನು ಬಿಡಲು ಮನಸ್ಸಾಗಲಿಲ್ಲ. ಅಡುಗೆಮನೆಯ ದೀಪದಡಿ ಓದಿದ ಪರೀಕ್ಷೆ ಅದು.

ಗುರಿಯ ಖಾನೆ ಮಾತ್ರ ಖಾಲಿ ಉಳಿದಿತ್ತು. ಪದವಿಯಾದರೆ ಮೇಲ್ವಿಚಾರಕಿಯಾಗಬಹುದು ಎಂದು ಮನೆಯವರ ಆಸೆ. ನನಗೆ ಅದು ಒಗ್ಗದು. ಮೇಲ್ವಿಚಾರಕಿಗೆ ಊರೂರು ತಿರುಗುವ ಕೆಲಸ, ಮನೆ ಒಳಗಿನದು ಸಿಗುವುದಿಲ್ಲ. ನನ್ನನ್ನು ಕೊರೆಯುವುದು ಬೇರೆ. ಬೆಳವಣಿಗೆ ಚಾರ್ಟಿನಲ್ಲಿ ಮಗುವಿನ ಗೆರೆ ಹಸಿರಿನಲ್ಲೇ ಇದ್ದರೂ ಮಟ್ಟಸವಾಯಿತು ಎಂದರೆ ಎಚ್ಚರವಾಗಬೇಕು ಎಂದು ನಮಗೆ ಕಲಿಸಿದ್ದಾರೆ. ನಮ್ಮೂರಿನಲ್ಲಿ ಅನೇಕ ಗೆರೆಗಳು ಆರು ತಿಂಗಳು ತುಂಬಿದ ಮೇಲೆ ಬಾಗುತ್ತವೆ. ಆಗ ಎದೆಹಾಲೊಂದೇ ಸಾಲದು, ರಾಗಿ ಸರಿ ಮೊದಲಾದ ಪೂರಕ ಆಹಾರ ಶುರುವಾಗಬೇಕು. ಆರು ತಿಂಗಳು ನಾಟಿಯ ಹೊತ್ತಿಗೆ ಬಿದ್ದರೆ, ದಿನಕ್ಕೆ ಮೂರ್ನಾಲ್ಕು ಸಲ ಕೂರಿಸಿಕೊಂಡು ತಿನ್ನಿಸುವವರು ಗದ್ದೆಯಲ್ಲಿರುತ್ತಾರೆ. ಇದು ನನ್ನ ಅನುಮಾನ. ನಾಲೆಗೆ ನೀರು ಬಿಡುವ ತಿಂಗಳಿಗೂ ಗೆರೆ ಬಾಗುವ ತಿಂಗಳಿಗೂ ಸಂಬಂಧ ಇದೆಯೇ ಎಂದು ಹಳೆಯ ರಿಜಿಸ್ಟರುಗಳಿಂದ ಹುಡುಕಬೇಕು ಎಂದು ಬರೆದೆ. ನಾಲ್ಕು ಗೆರೆ ಸಾಲದೆ ಹಿಂಬದಿಗೂ ಹೋಯಿತು.

ಮೇಡಂ ಅದನ್ನು ಓದಿ ತಲೆ ಎತ್ತಿದರು. "ಇದಕ್ಕೆ ದಾಖಲೆ ನಿಮ್ಮ ಹತ್ರಾನೇ ಇದೆಯಾ?"

"ಬೀರುವಿನಲ್ಲಿದೆ ಮೇಡಂ."

"ಮೊದಲು ಇಲಾಖೆಯಿಂದ ಅನುಮತಿ ತಗೊಳ್ಳಿ. ಮಕ್ಕಳ ಹೆಸರು ಎಲ್ಲೂ ಬರಬಾರದು. ತಿಂಗಳು, ತೂಕ, ಮನೆಗೆ ಗದ್ದೆ ಇದೆಯೋ ಇಲ್ಲವೋ, ಇಷ್ಟು ಸಾಕು. ಗದ್ದೆ ಇಲ್ಲದೆ ಕೂಲಿಗೆ ಹೋಗುವವರ ಮಕ್ಕಳನ್ನ ಬೇರೆ ನೋಡಿ." ಕೊನೆಯ ಮಾತು ನನಗೆ ಹೊಳೆದಿರಲಿಲ್ಲ. ಹಾಳೆಯ ಅಂಚಿನಲ್ಲಿ ಬರೆದುಕೊಂಡೆ.

ಸೋಮವಾರ ಮಕ್ಕಳು ಹಾಲು ಕುಡಿದು ಮಲಗಿದ ಮೇಲೆ ಅನುಮತಿ ಪತ್ರ ಬರೆದಿಟ್ಟು, ಬೀರು ತೆಗೆದು ಹಳೆಯ ರಿಜಿಸ್ಟರುಗಳನ್ನು ವರ್ಷವಾರು ಜೋಡಿಸತೊಡಗಿದೆ. ಧೂಳಿಗೆ ಸೆರಗು ಮುಚ್ಚಿಕೊಂಡು ಬಂದ ಸಹಾಯಕಿ ಬಾಗಿಲಲ್ಲೇ ನಿಂತರು.

"ಯಾಕ್ ಟೀಚರೇ, ಆಡಿಟ್ ಬಂತಾ?"

"ಇಲ್ಲ ಕಣಕ್ಕ, ಹೋಂವರ್ಕು" ಅಂದೆ.