ಅಮ್ಮನ ಫೋನಿಗೆ ಒಟಿಪಿ ಬಂತು

ಆಗಸ್ಟ್ 3, 2024, ಶನಿವಾರ
ಬೆಂಗಳೂರು

ಇವತ್ತು ಅಂಗದಾನ ದಿನ. 1994ರಲ್ಲಿ ಇದೇ ದಿನ ದೆಹಲಿಯ ಏಮ್ಸ್‌ನಲ್ಲಿ ಡಾ. ಪಿ. ವೇಣುಗೋಪಾಲ್ ಅವರ ತಂಡ ದೇಶದ ಮೊದಲ ಯಶಸ್ವಿ ಹೃದಯ ಕಸಿ ಮಾಡಿತ್ತು. ಸರಿಯಾಗಿ 30 ವರ್ಷವಾಯಿತು.

ನನ್ನ ಹೃದಯದಲ್ಲಿ ರಕ್ತ ಪಂಪ್ ಮಾಡುವ ಕೋಣೆ ಹುಟ್ಟಿದಾಗಿನಿಂದ ಎರಡರ ಬದಲು ಒಂದೇ. ಚಿಕ್ಕವಳಿದ್ದಾಗ ಗ್ಲೆನ್, ಆಮೇಲೆ ಫಾಂಟನ್ ಆಪರೇಷನ್ ಆಯಿತು. ಅಂದಿನಿಂದ ಮೈಯಿಂದ ವಾಪಸ್ ಬರುವ ರಕ್ತ ಪಂಪಿನ ಸಹಾಯವಿಲ್ಲದೆ ನೇರ ಶ್ವಾಸಕೋಶಕ್ಕೆ ಹೋಗುತ್ತಿದೆ. ಅದರಿಂದಲೇ ನಾನು ಶಾಲೆಗೆ ಹೋದೆ, ಎಸ್ಸೆಸ್ಸೆಲ್ಸಿ ಮುಗಿಸಿದೆ. ಆದರೆ ಇಷ್ಟು ವರ್ಷದ ಒತ್ತಡವೆಲ್ಲ ಲಿವರ್ ಮೇಲೆ ಬಿದ್ದಿದೆ. ಈಗ ಹೊಟ್ಟೆಯಲ್ಲಿ ನೀರು ತುಂಬುತ್ತದೆ, ಸಂಜೆಗೆ ಪಾದ ಊದುತ್ತದೆ. ನೀರು, ಕಾಫಿ, ತಿಳಿಸಾರು ಎಲ್ಲ ಸೇರಿ ದಿನಕ್ಕೆ ಒಂದು ಲೀಟರ್ ಅಷ್ಟೇ. ಉಪ್ಪಿನಕಾಯಿ ಜಾಡಿ ಊರಲ್ಲೇ ಉಳಿಯಿತು.

ಅದಕ್ಕೇ ನನಗೂ ಈಗ ಹೃದಯ ಕಸಿ ಆಗಬೇಕು, ಕಾಯುತ್ತಿದ್ದೇನೆ. ದಾನಿಯಿಂದ ತೆಗೆದ ಹೃದಯವನ್ನು ಸುಮಾರು 4 ಗಂಟೆಯೊಳಗೆ ಜೋಡಿಸಬೇಕು. ಅದಕ್ಕೇ ಆಸ್ಪತ್ರೆ ಹತ್ತಿರ ಬಾಡಿಗೆ ಮನೆ ಮಾಡಿದ್ದೇವೆ. ಅಪ್ಪ ಸಾಗರದಲ್ಲಿದ್ದಾರೆ. ಈ ಸಲದ ಮಳೆ ಅಡಿಕೆಗೆ ಔಷಧಿ ಹೊಡೆಯಲು ಬಿಡುವೇ ಕೊಡುತ್ತಿಲ್ಲವಂತೆ. ನಾಳೆ ಭೀಮನ ಅಮಾವಾಸ್ಯೆ. ಅಪ್ಪ ರಾತ್ರಿ ಬಸ್ಸಿಗೆ ತಮ್ಮನನ್ನೂ ಕರೆದುಕೊಂಡು ಬರುತ್ತಿದ್ದಾರೆ. ಹೊಸಿಲ ಮೇಲೆ ಭಂಡಾರ ಒಡೆಯಲು ಅವನು ಬೇಕಲ್ವಾ!

ರಾಜ್ಯದಲ್ಲಿ ಅಂಗದಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಜೀವಸಾರ್ಥಕತೆಯ ಪಟ್ಟಿಯಲ್ಲಿ ಹೆಸರು ಬರೆಸಿದ ಮೇಲೆ ಒಂದೇ ಒಂದು ಸಲ ಫೋನ್ ಬಂದಿದೆ. ನಡುರಾತ್ರಿ. ಏನೂ ತಿನ್ನಬೇಡಿ, ಹೊರಟು ಬನ್ನಿ ಅಂದರು. ರಕ್ತ ತೆಗೆದರು, ಎಕ್ಸ್‌ರೇ ಆಯಿತು, ಅಮ್ಮ ಜಡೆ ಹೆಣೆದಳು. ಬೆಳಗಾಗುವಾಗ ಡಾಕ್ಟರು ಬಂದು ಹಾಸಿಗೆ ಪಕ್ಕ ಕುಳಿತರು. ಆ ಹೃದಯದ ಬಡಿತ ಸರಿಯಿಲ್ಲ, ನಿನಗೆ ಅದನ್ನು ಹಾಕುವುದಿಲ್ಲ ಅಂದರು. ನನಗೆ ಅಳು ಬಂದದ್ದು ಹೃದಯ ಸಿಗಲಿಲ್ಲ ಅಂತಲ್ಲ. ಅದೇ ಹೊತ್ತಿಗೆ ಇನ್ನೊಂದು ಆಸ್ಪತ್ರೆಯಲ್ಲಿ ಯಾರೋ ಒಬ್ಬ ಅಮ್ಮ ಸಹಿ ಹಾಕಿ ಹೊರಗೆ ಕೂತಿದ್ದಳಲ್ಲ, ಅವಳು ನೆನಪಾದಳು.

ಬೇಗ ಹೃದಯ ಸಿಗಲಿ ಅಂತ ಅಜ್ಜಿ ಸಿಗಂದೂರಿಗೆ ಹರಕೆ ಹೊತ್ತಿದ್ದಾರೆ. ಹಾಗೆ ಬೇಡಿಕೊಳ್ಳಲು ನನಗೆ ಬಾಯಿ ಬರುವುದಿಲ್ಲ. ನನ್ನದು ಓ ಗುಂಪು, ಓ ಗುಂಪಿನ ಹೃದಯವೇ ಬೇಕು. ಮೈಯ ಅಳತೆಯೂ ಹೊಂದಬೇಕು. ಅಂದರೆ ಹೆಚ್ಚುಕಡಿಮೆ ನನ್ನಷ್ಟೇ ಎತ್ತರದ ಯಾರೋ ಒಬ್ಬರು. ನಾನು ಬೇಡಿಕೊಳ್ಳುವುದು ಬೇರೆ. ಯಾರಿಗೂ ಅಂಥ ರಾತ್ರಿ ಬರದಿರಲಿ. ಬಂದೇಬಿಟ್ಟರೆ, ಆ ಮನೆಯವರಿಗೆ ತಮ್ಮವರ ಇಷ್ಟ ಏನಿತ್ತು ಅಂತ ಮೊದಲೇ ಗೊತ್ತಿರಲಿ. ಮಿದುಳು ನಿಷ್ಕ್ರಿಯವಾಗಿದೆ ಎಂದು ಡಾಕ್ಟರುಗಳ ತಂಡ ಕನಿಷ್ಠ 6 ಗಂಟೆ ಬಿಟ್ಟು ಎರಡು ಸಲ ಪರೀಕ್ಷೆ ಮಾಡುತ್ತದೆ. ಆಮೇಲೂ ಮನೆಯವರು ಒಪ್ಪಬೇಕು. ಉಸಿರಾಟದ ಯಂತ್ರದಿಂದ ಎದೆ ಇನ್ನೂ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಆ ಹೊತ್ತಲ್ಲಿ ಹೌದು ಅನ್ನುವುದು ಎಷ್ಟು ಕಷ್ಟ! 2021ರಲ್ಲಿ ನಟ ಸಂಚಾರಿ ವಿಜಯ್ ಅವರ ಮನೆಯವರು ಹೌದು ಅಂದರು. ಅವರನ್ನು ನೆನೆದಾಗಲೆಲ್ಲ ಕೈ ಮುಗಿಯಬೇಕು ಅನಿಸುತ್ತದೆ.

ಹೊಸ ಹೃದಯಕ್ಕೆ ನರಗಳ ಸಂಪರ್ಕ ಇರುವುದಿಲ್ಲವಂತೆ. ಮೆಟ್ಟಿಲು ಹತ್ತಿದರೆ ಅದು ತಕ್ಷಣ ಜೋರಾಗಿ ಬಡಿಯುವುದಿಲ್ಲ, ರಕ್ತದಲ್ಲಿ ಹಾರ್ಮೋನ್ ಬಂದು ಮುಟ್ಟಿದ ಮೇಲೇ ಗೊತ್ತಾಗುವುದು. ನಾನು ಹೆದರಿದ್ದೂ ಅದಕ್ಕೆ ತಡವಾಗಿ ತಿಳಿಯುತ್ತದೆ! ಇದನ್ನು ಕೇಳಿದಾಗಿನಿಂದ ಅದರ ಮೇಲೆ ನನಗೆ ಏನೋ ಮಮತೆ. ಜೀವನಪೂರ್ತಿ ಮಾತ್ರೆ ನುಂಗಬೇಕು ಅನ್ನುವುದಕ್ಕೆ ಬೇಜಾರಿಲ್ಲ.

ಮಧ್ಯಾಹ್ನ ಅಮ್ಮನಿಗೆ ಹೇಳಿಯೇಬಿಟ್ಟೆ. "ಅಮ್ಮಾ, ನನಗೇನಾದರೂ ಆದರೆ ನನ್ನ ಕಣ್ಣು ಕೊಡಿ. ನನಗಿನ್ನೂ 18 ಆಗಿಲ್ಲ, ನೀವೇ ಒಪ್ಪಬೇಕು."

"ಹಂಗೆಲ್ಲ ಮಾತಾಡಬೇಡ ಪುಟ್ಟಿ" ಅಂದಳು. ಒಳಗೆ ಹೋಗಿ ಕಡುಬಿಗೆ ಅಕ್ಕಿ ನೆನೆಹಾಕಿದಳು. ತುಂಬಾ ಹೊತ್ತಾದ ಮೇಲೆ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು, "ನಂದೂ ಬರೆಸಬಹುದಾ?" ಅಂತ ಕೇಳಿದಳು. ಅಂಗದಾನಕ್ಕೆ ಹೆಸರು ಬರೆಸುವ ಸರ್ಕಾರಿ ವೆಬ್‌ಸೈಟಿನಲ್ಲಿ ಅವಳ ಆಧಾರ್ ನಂಬರ್ ಹಾಕಿದೆ. ಅವಳ ಫೋನಿಗೆ ಒಟಿಪಿ ಬಂತು. ಕಣ್ಣು, ಕಿಡ್ನಿ, ಲಿವರ್ ಒಂದೊಂದನ್ನೂ ಅವಳೇ ಒತ್ತಿದಳು. ಹೃದಯವನ್ನೂ.

ಅಪ್ಪನದು ನಾಳೆ, ಊಟ ಆದ ಮೇಲೆ.