ಗಾಳ ಎಸೆಯಲು ಕಲಿಯುವವರು ಮೊದಲ ದಿನವೇ ನದಿಗೆ ಇಳಿಯಬೇಡಿ

ಹಿಮಾಚಲದ ತೀರ್ಥನ್ ಕಣಿವೆಗೆ ಟ್ರೌಟ್ ಮೀನಿನ ಆಸೆಯಿಂದ ಏಪ್ರಿಲ್‌ನಲ್ಲಿ ಹೋಗಿದ್ದೆ. ದೆಹಲಿಯಿಂದ ಮನಾಲಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಔಟ್ ಎಂಬಲ್ಲಿ, ಸುರಂಗಕ್ಕೆ ಮುಂಚೆ ಇಳಿಯಬೇಕು. ಕಣಿವೆಯ ಪಟ್ಟಣವಾದ ಬಂಜಾರಿನ ರಸ್ತೆ ಕವಲೊಡೆಯುವುದು ಅಲ್ಲಿಯೇ. ನಿರ್ವಾಹಕನಿಗೆ ಎರಡು ಸಲ ಹೇಳಿ ಮಲಗಿದೆ. ಅವನೂ ಮಲಗಿದ. ಹೆಚ್ಚುಕಡಿಮೆ ಮೂರು ಕಿಲೋಮೀಟರ್ ಉದ್ದದ ಸುರಂಗ ದಾಟಿದ ಮೇಲೆ, ಕತ್ತಲಲ್ಲೇ ಇಳಿಸಿ ಹೋದ. ಹಿಂದಕ್ಕೆ ಬರಲು ಟ್ಯಾಕ್ಸಿಗೆ ಐನೂರು ರೂಪಾಯಿ. ದಾರಿಯಲ್ಲಿ ಸಿಗುವ ಮಂಡಿ ಪಟ್ಟಣ ದಾಟಿದ ಮೇಲೆ ಕಣ್ಣು ಮುಚ್ಚಬೇಡಿ.

ಇದಕ್ಕಿಂತ ದೊಡ್ಡ ಟೋಪಿ ಬಿದ್ದದ್ದು ‘ತರಬೇತಿ ಸಹಿತ’ ಕೋಣೆಯಲ್ಲಿ, ದಿನಕ್ಕೆ ನಾಲ್ಕು ಸಾವಿರ. ಗೈಡ್ ನೇರ ನದಿಗೆ ಕರೆದೊಯ್ದು, ಎರಡು ಸಲ ಎಸೆದು ತೋರಿಸಿ, ಆಮೇಲೆ ಮೇಲಿನ ಮಡುವಿನಲ್ಲಿ ತಾನೇ ಮೀನು ಹಿಡಿಯುತ್ತ ನಿಂತ. ಊರಿನ ಹಳ್ಳದಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕಿದವನಿಗೆ ಇದೇನು ಮಹಾ ಅಂದುಕೊಂಡಿದ್ದೆ. ಅಲ್ಲಿ ಗಾಳವನ್ನು ಇಳಿಬಿಟ್ಟರೆ ಸಾಕು, ಇಲ್ಲಿ ಎಸೆಯಬೇಕು. ಎರೆಹುಳುವಿನ ಬದಲು ಕಟ್ಟುವ, ನೀರಿನಲ್ಲಿ ಗಿರಗಿರನೆ ತಿರುಗುವ ತಗಡಿನ ಕೊಕ್ಕೆಗೆ ಸ್ಪಿನ್ನರ್ ಎನ್ನುತ್ತಾರೆ. ಅಂಥದ್ದು ಒಂದು ಮರಕ್ಕೆ, ಎರಡು ಬಂಡೆಯ ಸಂದಿಗೆ ಹೋದವು. ಮೂರೂ ಬಿಲ್ಲಿನಲ್ಲಿ ಮಾತ್ರ ತಪ್ಪದೆ ಬಂದವು.

ಬಂಜಾರ್ ಬಸ್ ನಿಲ್ದಾಣದ ಹತ್ತಿರ ನಾಲ್ಕು ಬೆಂಚಿನ ಒಂದು ಅಂಗಡಿ ಇದೆ, ಬೋರ್ಡಿಲ್ಲ. ಅಲ್ಲಿ ಸಿಡ್ಡು ತಿನ್ನಿ. ಹುಳಿ ಬಂದ ಗೋಧಿ ಹಿಟ್ಟಿನೊಳಗೆ ಅರೆದ ಅಕ್ರೋಟು ತುಂಬಿ ಹಬೆಯಲ್ಲಿ ಬೇಯಿಸುತ್ತಾರೆ. ನಮ್ಮ ಕಡುಬಿನ ದೂರದ ಬೀಗರೆನ್ನಬಹುದು. ಮುರಿದರೆ ಹಬೆ ಮುಖಕ್ಕೆ ಹೊಡೆಯುತ್ತದೆ. ಅದರ ಮೇಲೆ ಅಂಗಡಿಯಾಕೆ ಕೇಳದೆಯೇ ತುಪ್ಪ ಸುರಿಯುತ್ತಾರೆ, ಜೊತೆಗೆ ಖಾರದ ಹಸಿರು ಚಟ್ನಿ. ಅರವತ್ತು ರೂಪಾಯಿಗೆ ಮಧ್ಯಾಹ್ನದವರೆಗೆ ಹಸಿವೆಯ ಮಾತಿಲ್ಲ. ನಾಲ್ಕು ದಿನವೂ ಅಲ್ಲಿಗೇ ಹೋದೆ.

ನನ್ನ ಗೋಳು ಕೇಳಿದ ಆಕೆ ತಮ್ಮನನ್ನು ಕರೆಸಿದರು. ಆತ ನದಿಯ ಕಡೆ ತಿರುಗಿಯೂ ನೋಡಲಿಲ್ಲ. ಸೇಬಿನ ತೋಟದ ಪಕ್ಕದ ಬಯಲಿನಲ್ಲಿ, ದಾರದ ತುದಿಯ ಕೊಕ್ಕೆ ಬಿಚ್ಚಿ ಒಂದು ಕಬ್ಬಿಣದ ನಟ್ ಕಟ್ಟಿ, ತನ್ನ ಟೋಪಿಯನ್ನು ಇಪ್ಪತ್ತು ಹೆಜ್ಜೆ ದೂರದಲ್ಲಿಟ್ಟ. ದಾರವನ್ನು ತೋರುಬೆರಳಿಗೆ ಸಿಕ್ಕಿಸಿಕೊಂಡು, ದಾರ ಸುತ್ತಿರುವ ರೀಲಿನ ಮೇಲೆ ಅದನ್ನು ತಡೆದಿಡುವ ಕಂಬಿ ತೆರೆಯಬೇಕು. ತೋಳು ಬೀಸಬಾರದು, ಮಣಿಕಟ್ಟು ಮತ್ತು ಮೊಣಕೈ ಸಾಕು. ಕೋಲು ಮುಂದಕ್ಕೆ ಬರುತ್ತಿರುವಾಗಲೇ ಬೆರಳು ಬಿಡಬೇಕು. ಬೇಗ ಬಿಟ್ಟರೆ ನಟ್ ಆಕಾಶಕ್ಕೆ, ತಡವಾದರೆ ಕಾಲ ಬುಡಕ್ಕೆ. ಬಿದ್ದ ಮೇಲೆ ಕಂಬಿಯನ್ನು ಕೈಯಿಂದಲೇ ಮುಚ್ಚಬೇಕು. ಹಿಡಿ ತಿರುಗಿಸಿ ಮುಚ್ಚುವ ಚಟವಿದ್ದರೆ ಸಡಿಲ ದಾರ ರೀಲಿನ ಮೇಲೆ ಸುತ್ತಿಕೊಂಡು ಸಿಕ್ಕಾಗುತ್ತದೆ. ನನ್ನ ಅರ್ಧ ಬೆಳಿಗ್ಗೆ ಸಿಕ್ಕು ಬಿಡಿಸುವುದರಲ್ಲೇ ಹೋಯಿತು. ಇಷ್ಟನ್ನು ನಿಮ್ಮ ಊರಿನ ಆಟದ ಮೈದಾನದಲ್ಲಿಯೇ ಕಲಿತು ಹೋಗಿ.

ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕೇ ಬೇಕು. ಟ್ರೌಟ್ ಮೊಟ್ಟೆಯಿಡುವ ಕಾಲವೆಂದು ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ನಿಷೇಧವಿದೆ. ಬೇಸಿಗೆ ಏರಿದಂತೆ ಹಿಮ ಕರಗಿ ಹೊಳೆ ಉಕ್ಕುತ್ತದೆ, ಮಳೆಗಾಲದಲ್ಲಿ ನೀರು ಕೆಸರು. ಮಾರ್ಚ್–ಏಪ್ರಿಲ್ ಇಲ್ಲವೇ ಅಕ್ಟೋಬರ್ ನೋಡಿಕೊಳ್ಳಿ. ಪಕ್ಕದ ಜೀಭಿಗೆ ಹೋಗುವುದು ಬಿಡುವುದು ನಿಮ್ಮಿಷ್ಟ. ಅಲ್ಲಿ ಜಲಪಾತಕ್ಕಿಂತ ಸೆಲ್ಫಿಯ ಸಾಲು ಉದ್ದ, ನಾನು ಹತ್ತೇ ನಿಮಿಷದಲ್ಲಿ ಹೊರಟೆ.

ಟ್ರೌಟ್ ಪ್ರವಾಹಕ್ಕೆ ಎದುರಾಗಿ ನಿಲ್ಲುವ ಮೀನು. ಕೊನೆಯ ದಿನ ಬಂಡೆಗಿಂತ ಮೇಲಕ್ಕೆ ಎಸೆದು, ಹೊಳೆಯ ಜೊತೆ ಇಳಿಯುತ್ತ ಬಂದ ಸ್ಪಿನ್ನರನ್ನು ಸೆಳೆದಾಗ ಗೇಣುದ್ದದ್ದೊಂದು ಕಚ್ಚಿತು. ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೇ ಬಿಟ್ಟೆ. ಬಸ್ಸಿಗೆ ಇನ್ನೂ ಒಂದು ಗಂಟೆ ಇತ್ತು. ಇನ್ನೊಂದು ಸಿಡ್ಡು ಹೇಳಿದೆ.